ಬೋರ್ಮಾ ಬರ್ನರಿನ ಪೈಲಟ್: ಎಲ್‌ಪಿಜಿಯಿಂದ ಪಿಎನ್‌ಜಿಗೆ ಬದಲಿಸಿದ ಲಾಗ್

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆ. ಅಲ್ಲಿ ಬೋರ್ಮಾಕ್ಕೆ ಬಿಸಿಗಾಳಿ ಕೊಡುವ ಬರ್ನರ್ ಒಂದುಂಟು. ಗಂಟೆಗೆ 1 ಲಕ್ಷ ಕಿಲೋಕ್ಯಾಲರಿ, ಅಂದರೆ ಸುಮಾರು 116 ಕಿಲೋವ್ಯಾಟ್. ಇಷ್ಟು ಕಾಲ 19 ಕೆಜಿ ಸಿಲಿಂಡರುಗಳ ಸಾಲಿನ ಮೇಲೆ ಓಡುತ್ತಿತ್ತು. ಕೊಚ್ಚಿ-ಮಂಗಳೂರು ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತಲ್ಲ, ಆಮೇಲೆ ಈ ಕಡೆ ಪಿಎನ್‌ಜಿ (ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ) ಮಾತು ಶುರುವಾಯಿತು. ಈಗ ಈ ಕಾರ್ಖಾನೆಗೂ ಸಂಪರ್ಕ ಬಂತು. ಮುಖ್ಯ ಬರ್ನರನ್ನು ಬೇರೆಯವರು ಬಂದು ಬದಲಿಸಿ ಹೋದರು. ಅದನ್ನು ಹತ್ತಿಸುವ ಸಣ್ಣ ಜ್ವಾಲೆ, ಅಂದರೆ ಪೈಲಟ್, ಅದರ ವಿಷಯದಲ್ಲಿ ಮಾತ್ರ "ರೆಗ್ಯುಲೇಟರ್ ಸ್ವಲ್ಪ ಬಿಗಿ ಮಾಡಿ, ಹತ್ತುತ್ತದೆ" ಅಂತ ಹೇಳಿ ಹೋದರಂತೆ. ಹತ್ತಲಿಲ್ಲ. ಆಗ ನನ್ನನ್ನು ಕರೆದರು.

ಬೋರ್ಮಾ ಗೊತ್ತಿಲ್ಲದವರಿಗೆ: ಚಿಪ್ಪು ಒಡೆದು ತೆಗೆದ ಗೇರುಬೀಜದ ತಿರುಳಿನ ಮೇಲೆ ಕೆಂಪು ಸಿಪ್ಪೆ ಇರುತ್ತದೆ. ಅದನ್ನು 70 ಡಿಗ್ರಿ ಆಸುಪಾಸಿನ ಬಿಸಿಗಾಳಿಯಲ್ಲಿ ಗಂಟೆಗಟ್ಟಲೆ ಒಣಗಿಸಿದರೆ ಮಾತ್ರ ಸಿಪ್ಪೆ ಸಡಿಲವಾಗುತ್ತದೆ. ಬೋರ್ಮಾ ನಿಂತರೆ ಸಿಪ್ಪೆ ತೆಗೆಯುವ ಅಕ್ಕಂದಿರಿಗೆ ಕೆಲಸ ಇಲ್ಲ. ಅವರದು ಕೆಜಿ ಲೆಕ್ಕದ ಕೂಲಿ. ಹಾಗಾಗಿ ಎಲ್ಲರಿಗೂ ಅವಸರ. ಪೈಲಟ್ ಕೆಲಸಕ್ಕೂ ಅವಸರಕ್ಕೂ ಆಗಿಬರುವುದಿಲ್ಲ.

ಇದೇ ತರ ಬದಲಾವಣೆ ಮಾಡುವವರಿಗೆ ಉಪಯೋಗ ಆಗಲಿ ಅಂತ ಅಳತೆ ಸಮೇತ ಬರೆಯುತ್ತಿದ್ದೇನೆ. ಗ್ಯಾಸ್ ಕೆಲಸ ಕಲಿಯದವರು ಇದನ್ನು ಓದಿ ಬರ್ನರ್ ಬಿಚ್ಚಬೇಡಿ.

ಹಂತ 1: ಕಿಡಿ ಹೊಡೆಯುವ ಮೊದಲು

ಮುಖ್ಯ ಗ್ಯಾಸಿನ ಕೈ ವಾಲ್ವ್ ಮುಚ್ಚಿ, ಬೀಗ ಹಾಕಿ, ಕೀಲಿ ಜೇಬಿಗೆ. ಪೈಲಟ್ ಸರಿಯಾಗುವ ತನಕ ಮುಖ್ಯ ಗ್ಯಾಸ್ ಬೇಡವೇ ಬೇಡ.

ಪೈಲಟ್ ಲೈನಿಗೆ ಸೋಪಿನ ನೀರು ಹಾಕಿ ನೋಡಿದೆ. ಒಂದು ಯೂನಿಯನ್‌ನಲ್ಲಿ ಗುಳ್ಳೆ ಬಂತು, ಬಿಗಿ ಮಾಡಿದೆ. ಆಮೇಲೆ ಎರಡು ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ) ವಾಲ್ವ್‌ಗಳ ಪರೀಕ್ಷೆ. ವಾಲ್ವ್ ಮುಚ್ಚಿರುವಾಗ ಅದರ ಆಚೆಯ ಟೆಸ್ಟ್ ಪಾಯಿಂಟಿಗೆ ಸಣ್ಣ ಟ್ಯೂಬ್ ಸಿಕ್ಕಿಸಿ, ತುದಿಯನ್ನು ಲೋಟದ ನೀರಿಗೆ ಅದ್ದುವುದು. ಗುಳ್ಳೆ ಬಂದರೆ ವಾಲ್ವ್ ಸೋರುತ್ತಿದೆ ಅಂತ ಲೆಕ್ಕ. ಎರಡೂ ಸರಿ ಇದ್ದವು.

ಗ್ಯಾಸ್ ಡಿಟೆಕ್ಟರ್ ಕಡೆ ಯಾರೂ ಗಮನ ಕೊಟ್ಟಿರಲಿಲ್ಲ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲದಲ್ಲಿ ಹರಡುತ್ತದೆ. ಅದಕ್ಕೆ ಡಿಟೆಕ್ಟರನ್ನು ಪಾದದ ಹತ್ತಿರ ಹಾಕಿದ್ದರು. ನೈಸರ್ಗಿಕ ಅನಿಲ ಗಾಳಿಯ ಸುಮಾರು 0.6 ಪಟ್ಟು ಮಾತ್ರ, ಮೇಲಕ್ಕೆ ಹೋಗುತ್ತದೆ. ಡಿಟೆಕ್ಟರ್ ಅಲ್ಲೇ ಕೆಳಗೆ ಕೂತಿದ್ದರೆ ಮಾಡಿನಡಿ ಗ್ಯಾಸ್ ತುಂಬಿದರೂ ಸುಮ್ಮನೆ ಇರುತ್ತಿತ್ತು. ಮಾಡಿನ ಕೆಳಗೆ ಒಂದು ಅಡಿಯೊಳಗೆ ಹಾಕಿಸಿದೆ. ಮೀಥೇನ್‌ಗೆ ಹೊಸದಾಗಿ ಕ್ಯಾಲಿಬ್ರೇಟ್ ಮಾಡಿಸಲು ಬರೆದು ಕೊಟ್ಟೆ.

ಪರ್ಜ್ (ಕಿಡಿಗೆ ಮೊದಲು ಗಾಳಿ ಊದಿ ಒಳಗಿನ ಗ್ಯಾಸ್ ಹೊರಗೆ ಹಾಕುವುದು) ಟೈಮರ್ 30 ಸೆಕೆಂಡಿಗೆ ಇತ್ತು. ಯಾರು ಇಟ್ಟರೋ ದೇವರಿಗೇ ಗೊತ್ತು. ದಹನ ಕೋಣೆ ಮತ್ತು ಹೊಗೆ ದಾರಿ ಸೇರಿ 1.5 ಘನ ಮೀಟರ್. ಅದರ 4 ಪಟ್ಟು ಗಾಳಿ ಹಾಯಬೇಕು, ಅಂದರೆ 6 ಘನ ಮೀಟರ್. ಬ್ಲೋವರ್ ಗಂಟೆಗೆ 200 ಘನ ಮೀಟರ್ ಕೊಡುತ್ತದೆ. ಲೆಕ್ಕ ಹಾಕಿದರೆ 108 ಸೆಕೆಂಡ್. ಟೈಮರನ್ನು 120ಕ್ಕೆ ಇಟ್ಟೆ. "ಪ್ರತಿ ಸಲ ಎರಡು ನಿಮಿಷ ಕಾಯ್ಬೇಕಾ ಮಾರ್ರೆ?" ಅಂತ ಸೂಪರ್‌ವೈಸರ್ ಕೇಳಿದರು. ಹೌದು, ಕಾಯಬೇಕು.

ಹಂತ 2: ಕಿಡಿ ಉಂಟು, ಬೆಂಕಿ ಇಲ್ಲ

ಪೈಲಟ್ ಕೊಳವೆ ಹೊರಗೆ ತೆಗೆದು ಬೆಂಚಿನ ಮೇಲಿಟ್ಟು, ಗ್ಯಾಸ್ ಇಲ್ಲದೆ ಬರೀ ಕಿಡಿ ಹೊಡೆಸಿ ನೋಡಿದೆ. ಕಿಡಿ ತುದಿಯಲ್ಲಿ ಹಾರುವ ಬದಲು ಹಿಂದೆ, ಇಲೆಕ್ಟ್ರೋಡ್ ಬಾಗಿದ ಜಾಗದಲ್ಲಿ ಕೊಳವೆಗೆ ಹಾರುತ್ತಿತ್ತು. ತುದಿ ಸವೆದು ಅಂತರ 4.5 ಮಿಮೀ ಆಗಿತ್ತು. ಕಿಡಿ ಯಾವಾಗಲೂ ಸುಲಭದ ದಾರಿ ಹುಡುಕುತ್ತದೆ. ಹೊಸ ಇಲೆಕ್ಟ್ರೋಡ್ ಹಾಕಿ ಅಂತರ 2.5 ಮಿಮೀ ಇಟ್ಟೆ. ಗೇಜ್ ಬೇಕಂತಿಲ್ಲ, 2.5 ಮಿಮೀ ಡ್ರಿಲ್ ಬಿಟ್ಟಿನ ಹಿಂಬದಿ ಸಾಕು. ಒಳಗೆ ಕೊಳವೆ ಗೋಡೆಗೂ ಇಲೆಕ್ಟ್ರೋಡ್‌ಗೂ ನಡುವೆ ಎಲ್ಲೂ 6 ಮಿಮೀಗಿಂತ ಕಡಿಮೆ ಇಲ್ಲದ ಹಾಗೆ ನೋಡಿಕೊಂಡೆ.

ಈಗ ಕಿಡಿ ನೀಲಿ, ಗಟ್ಟಿ, ಸರಿಯಾದ ಜಾಗದಲ್ಲಿ. ವಾಪಸ್ ಕೂರಿಸಿ ಗ್ಯಾಸ್ ಕೊಟ್ಟೆ. ಹತ್ತಲಿಲ್ಲ. ಒಂದೊಂದು ಸಲ "ಪುಫ್" ಅಂದು ಆರುತ್ತಿತ್ತು.

ಗ್ಯಾಸ್ ಹೊರಬರುವ ಸಣ್ಣ ತೂತಿನ ತುಂಡು, ಅಂದರೆ ಜೆಟ್, ಬಿಚ್ಚಿ ನೋಡಿದರೆ ಎಲ್‌ಪಿಜಿ ಕಾಲದ 1.2 ಮಿಮೀ ತೂತು, ಹಾಗೇ ಇತ್ತು. ಲೆಕ್ಕ ಹೀಗೆ: ಹಿಂದೆ ಎಲ್‌ಪಿಜಿ 30 ಮಿಲಿಬಾರಿನಲ್ಲಿ ಬರುತ್ತಿತ್ತು, ಈಗ ಪಿಎನ್‌ಜಿ 20ರಲ್ಲಿ. ಒತ್ತಡವೂ ಕಡಿಮೆ, ಗ್ಯಾಸಿನಲ್ಲಿರುವ ಶಾಖವೂ ಕಡಿಮೆ. ಎರಡೂ ಸೇರಿ ಅದೇ ತೂತಿನಲ್ಲಿ ಬರುವ ಶಾಖ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಪೈಲಟ್ ಗಾಳಿ ಮೊದಲಿನಷ್ಟೇ. ಸರಿಯಾಗಿ ಉರಿಯಲು ಮಿಶ್ರಣದಲ್ಲಿ ನೈಸರ್ಗಿಕ ಅನಿಲ ಶೇ. 9.5ರಷ್ಟು ಇರಬೇಕು. ಶೇ. 5ಕ್ಕಿಂತ ಕೆಳಗೆ ಅದು ಹತ್ತುವುದೇ ಇಲ್ಲ. ಅರ್ಧ ಗ್ಯಾಸ್ ಅಂದರೆ ಸರಿಯಾಗಿ ಆ ಶೇ. 5ರ ಅಂಚು. "ಪುಫ್" ಅಂದು ಆರುವುದಕ್ಕೆ ಬೇರೆ ಕಾರಣ ಹುಡುಕಬೇಕಿರಲಿಲ್ಲ.

"ರೆಗ್ಯುಲೇಟರ್ ಬಿಗಿ ಮಾಡಿ" ಅನ್ನುವ ಸಲಹೆ ಯಾಕೆ ಆಗುವುದಿಲ್ಲ ಅಂದರೆ, ಗ್ಯಾಸ್ ಎರಡು ಪಟ್ಟು ಬೇಕಾದರೆ ಒತ್ತಡ ನಾಲ್ಕು ಪಟ್ಟು ಆಗಬೇಕು. 20ರ ಬದಲು 80 ಮಿಲಿಬಾರ್. ಈ ರೆಗ್ಯುಲೇಟರಿನ ಸ್ಪ್ರಿಂಗ್ ಹೋಗುವುದೇ 30ರ ತನಕ. ತಿರುಗಿಸುತ್ತಾ ಕೂತರೆ ಸ್ಪ್ರಿಂಗ್ ಒತ್ತಿ ಹೋಗುತ್ತದೆ, ಅಷ್ಟೆ.

ಹಾಗಾದರೆ ತೂತಿನ ವಿಸ್ತೀರ್ಣ ಎರಡು ಪಟ್ಟು, ವ್ಯಾಸ 1.4 ಪಟ್ಟು. 1.2 ಮಿಮೀ ಇದ್ದದ್ದು 1.7 ಆಗಬೇಕು. ಮೊದಲು ಅಲ್ಲೇ ಇದ್ದ ಕೈ ಡ್ರಿಲ್ಲಿನಲ್ಲಿ ಒಂದು ಹಿತ್ತಾಳೆ ಜೆಟ್ ಕೊರೆದೆವು. ತೂತು ಮೊಟ್ಟೆಯಾಕಾರ ಬಂತು, ಜ್ವಾಲೆ ಒಂದು ಬದಿಗೆ ಓಲಿತು. ಅದನ್ನು ಎಸೆದು, ಯೆಯ್ಯಾಡಿಯಲ್ಲಿ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿ ತಂದೆವು. ಒಟ್ಟಿಗೆ 1.6 ಮತ್ತು 1.8ರದ್ದೂ ಮಾಡಿಸಿಟ್ಟುಕೊಂಡೆ. ಲೇತಿನ ಹತ್ತಿರ ಇನ್ನೊಂದು ಸಲ ಓಡುವುದಕ್ಕಿಂತ ಇದು ಒಳ್ಳೆಯದು.

ಗಾಳಿಯ ಸ್ಕ್ರೂ ಮುಟ್ಟಲಿಲ್ಲ. ಗ್ಯಾಸ್ ಯಾವುದೇ ಇರಲಿ, ಅಷ್ಟೇ ಶಾಖಕ್ಕೆ ಬೇಕಾಗುವ ಗಾಳಿ ಹೆಚ್ಚುಕಡಿಮೆ ಅಷ್ಟೇ. ಇದು ಗೊತ್ತಿಲ್ಲದೆ ಗ್ಯಾಸ್, ಗಾಳಿ ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಎಲ್ಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲ.

ಒತ್ತಡ ನೋಡಲು ಯು-ಟ್ಯೂಬ್ (ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿದ ಟ್ಯೂಬ್) ಬಳಸಿದೆ. 20 ಮಿಲಿಬಾರ್ ಅಂದರೆ 204 ಮಿಮೀ ನೀರು. ಪಾರದರ್ಶಕ ಟ್ಯೂಬ್, ಒಂದು ಹಲಗೆ, ಸ್ಕೇಲ್. ಬ್ಯಾಟರಿ ಮುಗಿಯುವ ಗೋಳಿಲ್ಲ. ಅಳೆಯುವಾಗ ಪೈಲಟ್ ಗ್ಯಾಸ್ ಹರಿಯುತ್ತಿರಬೇಕು. ನಿಂತ ಲೈನಿನಲ್ಲಿ ತೋರಿಸುವ ಒತ್ತಡ ನೋಡಿ ಸಮಾಧಾನ ಪಡಬೇಡಿ.

1.7ರ ಜೆಟ್ ಹಾಕಿದ ಮೇಲೆ ಪೈಲಟ್ ಮೊದಲ ಕಿಡಿಗೇ ಹತ್ತಿತು. ನೋಡುವ ಗಾಜಿನಲ್ಲಿ ನೀಲಿ, ಬುಡದಲ್ಲಿ ಗಟ್ಟಿಯಾಗಿ ನಿಂತ ಜ್ವಾಲೆ. ಐದು ಸೆಕೆಂಡ್. ಆಮೇಲೆ ವಾಲ್ವ್ "ಟಕ್" ಅಂತ ಮುಚ್ಚಿ ಕೆಂಪು ದೀಪ.

ಹಂತ 3: ಬೆಂಕಿ ಉಂಟು, ಕಂಟ್ರೋಲರ್ ಒಪ್ಪುತ್ತಿಲ್ಲ

ಇಲ್ಲಿ ಜ್ವಾಲೆ ನೋಡುವುದು ಫ್ಲೇಮ್ ರಾಡ್, ಅಂದರೆ ಜ್ವಾಲೆಯೊಳಗೆ ಚಾಚಿದ ಲೋಹದ ಕಡ್ಡಿ. ಅದನ್ನು ನಂಬಿ ಗ್ಯಾಸ್ ಬಿಡುವುದು, ಮುಚ್ಚುವುದು ಕಂಟ್ರೋಲರ್. ಕಂಟ್ರೋಲರ್ ರಾಡಿಗೆ ಎಸಿ ವೋಲ್ಟೇಜ್ ಕೊಡುತ್ತದೆ. ಜ್ವಾಲೆಯ ಮೂಲಕ ಕರೆಂಟ್ ಬರ್ನರ್ ಮೈಗೆ ಹರಿದು, ಅರ್ಥ್ ದಾರಿಯಲ್ಲಿ ವಾಪಸ್ ಬರುತ್ತದೆ. ಜ್ವಾಲೆ ಅದನ್ನು ಒಂದೇ ದಿಕ್ಕಿಗೆ ಜಾಸ್ತಿ ಬಿಡುವುದರಿಂದ ಕೆಲವು ಮೈಕ್ರೋಆಂಪ್ ಡಿಸಿ ಸಿಗುತ್ತದೆ. ಕಂಟ್ರೋಲರ್ ನೋಡುವುದು ಆ ಡಿಸಿಯನ್ನು ಮಾತ್ರ. ಸುತ್ತು ಎಲ್ಲಿ ತುಂಡಾದರೂ ಜ್ವಾಲೆ ಇಲ್ಲ ಅಂತಲೇ ತೀರ್ಮಾನ.

ಪವರ್ ತೆಗೆದು, ರಾಡಿನ ವೈರ್ ಬಿಚ್ಚಿ, ನಡುವೆ ಮೈಕ್ರೋಆಂಪ್ ರೇಂಜ್ ಇರುವ ಮೀಟರ್ ಸರಣಿಯಲ್ಲಿ ಹಾಕಿದೆ. ಓದು ಕುಣಿಯದ ಹಾಗೆ ಮೀಟರಿಗೆ ಅಡ್ಡ 100 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದು. ಪೈಲಟ್ ಹತ್ತಿಸಿದೆ. 0.0.

ರಾಡ್ ಜ್ವಾಲೆಯೊಳಗೇ ಇತ್ತು, ತುದಿ ಕೆಂಪಾಗುತ್ತಿತ್ತು. ಹೊಸ ರಾಡ್ ಹಾಕಿದೆ, 0.0. ಹೊಸ ವೈರ್, 0.0. ಅಲ್ಲಿನ ಇಲೆಕ್ಟ್ರಿಷಿಯನ್ ಅಣ್ಣ "ಕಂಟ್ರೋಲರೇ ಹೋಗಿದೆ, ಬೇರೆ ತರಿಸುವ" ಅಂದರು. ಕಂಟ್ರೋಲರ್ ಬೆಲೆ ಕೇಳಿದರೆ ಯಾರಾದರೂ ಇನ್ನೊಂದು ಸಲ ಯೋಚನೆ ಮಾಡುತ್ತಾರೆ.

ಪ್ಯಾನೆಲ್ ಬಾಗಿಲು ತೆರೆದು ವೋಲ್ಟೇಜ್ ನೋಡಿದೆ. ಫೇಸ್-ನ್ಯೂಟ್ರಲ್ 230, ಸರಿ. ಫೇಸಿನಿಂದ ಅರ್ಥ್‌ಗೆ ನೋಡಿದರೆ 110 ಚಿಲ್ಲರೆ. ನ್ಯೂಟ್ರಲ್‌ನಿಂದ ಅರ್ಥ್‌ಗೂ 110 ಚಿಲ್ಲರೆ. ಆಗ ಗೊತ್ತಾಯಿತು. ಮಳೆಗಾಲದಲ್ಲಿ ಕರೆಂಟಿನ ಏರಿಳಿತ ಜಾಸ್ತಿ ಅಂತ, ಪಿಎನ್‌ಜಿ ಕೆಲಸದ ಜೊತೆಗೇ ಪ್ಯಾನೆಲ್‌ಗೆ ಒಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸೇರಿಸಿದ್ದರು. ಅದರ ಔಟ್‌ಪುಟ್‌ನ ಎರಡು ತುದಿಯಲ್ಲಿ ಯಾವುದೂ ಅರ್ಥ್‌ಗೆ ಸೇರಿರಲಿಲ್ಲ. ಬರ್ನರ್ ಮೈಗೆ ಬಂದ ಕರೆಂಟಿಗೆ ವಾಪಸ್ ಹೋಗಲು ದಾರಿಯೇ ಇಲ್ಲ. ಮತ್ತೆ ಮೈಕ್ರೋಆಂಪ್ ಎಲ್ಲಿಂದ ಬರಬೇಕು?

ಪವರ್ ಬಂದ್ ಮಾಡಿ ಔಟ್‌ಪುಟ್‌ನ ಒಂದು ತುದಿಯನ್ನು ಪ್ಯಾನೆಲ್ ಅರ್ಥ್ ಬಾರಿಗೆ ಸೇರಿಸಿ, ಅದನ್ನೇ ನ್ಯೂಟ್ರಲ್ ಮಾಡಿ ಕಂಟ್ರೋಲರಿಗೆ ಕೊಟ್ಟೆವು. ಫೇಸ್ ಕಡೆಗೆ ಫ್ಯೂಸ್. ಈ ಎರಡು ತುದಿ ಅದಲು ಬದಲಾದರೂ ಕಂಟ್ರೋಲರ್ ಜ್ವಾಲೆ ಹಿಡಿಯುವುದಿಲ್ಲ, ಹಾಗಾಗಿ ನಂಬರ್ ಹಾಕಿ ಫೆರೂಲ್ ತೊಡಿಸಿದೆವು. ಹತ್ತಿಸಿದರೆ 2.1 ಮೈಕ್ರೋಆಂಪ್. ಕಂಟ್ರೋಲರಿನ ಪುಸ್ತಕದಲ್ಲಿ ಕನಿಷ್ಠ 1.5 ಅಂತ ಉಂಟು. ಕೆಂಪು ದೀಪ ಇಲ್ಲ. ಆದರೆ 2.1 ಅಂದರೆ ಅಂಚಿನಲ್ಲೇ ನಿಂತ ಹಾಗೆ.

ಪೈಲಟ್ ಕೊಳವೆಯಿಂದ ಅರ್ಥ್ ಬಾರಿಗೆ ಓಮ್ ನೋಡಿದೆ. ಒಂದು ಅಂಕಿಯಲ್ಲಿ ನಿಲ್ಲದೆ ಓಡಾಡುತ್ತಿತ್ತು. ಫ್ಲೇಂಜಿಗೆ ಬಣ್ಣ, ಒಳಗೆ ಗ್ಯಾಸ್ಕೆಟ್, ಥ್ರೆಡ್ಡಿಗೆ ಟೆಫ್ಲಾನ್, ಎಲ್ಲ ಸೇರಿ ಹೀಗಾಗಿದೆ. ಕೊಳವೆಗೆ ಒಂದು ಕ್ಲ್ಯಾಂಪ್ ಹಾಕಿ, 4 ಚದರ ಮಿಮೀಯ ಹಸಿರು ತಾಮ್ರದ ವೈರ್ ನೇರ ಅರ್ಥ್ ಬಾರಿಗೆ ಎಳೆದೆವು. ಓಮ್ ಸೊನ್ನೆ ಚಿಲ್ಲರೆಗೆ ಇಳಿಯಿತು, ಸಿಗ್ನಲ್ 4.8ಕ್ಕೆ ಏರಿತು. ಇಡೀ ಕೆಲಸದಲ್ಲಿ ಅತಿ ಅಗ್ಗದ ರಿಪೇರಿ ಇದೇ.

ಹಂತ 4: ಕಿಡಿ ಹೊಡೆಯುವಾಗ ಸಿಗ್ನಲ್ ಬೀಳುವುದು

ಕಿಡಿ ನಿಂತ ಮೇಲೆ 4.8 ಇದ್ದದ್ದು ಕಿಡಿ ಇರುವಾಗ 1.2ಕ್ಕೆ ಬೀಳುತ್ತಿತ್ತು. ಎರಡು ಕಾರಣ ಇದ್ದವು. ಕಿಡಿಯ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಕೇಬಲ್ ಮತ್ತು ರಾಡಿನ ವೈರ್ ಎರಡನ್ನೂ ಒಂದೇ ಪೈಪಿನಲ್ಲಿ ಹಾಕಿ ಟೈ ಕಟ್ಟಿದ್ದರು. ಬೇರೆ ಬೇರೆ ಮಾಡಿ, ನಡುವೆ ಅರ್ಧ ಅಡಿ ಬಿಟ್ಟೆವು. 2.6 ಆಯಿತು. ಆಮೇಲೆ ಇಗ್ನಿಷನ್ ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಕಡೆಯ ಎರಡು ವೈರ್ ಅದಲು ಬದಲು ಮಾಡಿದೆ. 4.3. ಸುಮ್ನೆ ಮಾಡಿ ನೋಡುವ ಕೆಲಸ ಅಲ್ಲ ಇದು. ಕಂಟ್ರೋಲರ್ ಪುಸ್ತಕಗಳಲ್ಲೇ ಇರುವ ಉಪಾಯ. ಓದುವವರು ಕಡಿಮೆ.

ಗ್ಯಾಸ್ ಮುಚ್ಚಿ ಬರೀ ಕಿಡಿ ಹೊಡೆಸಿಯೂ ನೋಡಿದೆ. ಮೀಟರ್ ಸೊನ್ನೆಯಲ್ಲೇ ಇರಬೇಕು, ಇತ್ತು. ಕಿಡಿಯನ್ನೇ ಜ್ವಾಲೆ ಅಂತ ತಿಳಿಯುವ ಪ್ಯಾನೆಲ್ ತುಂಬಾ ಅಪಾಯ.

ಹಂತ 5: ಪೈಲಟ್ ತಗ್ಗಿಸಿ ನೋಡುವುದು

ಹೆಚ್ಚಿನವರು ಇಲ್ಲಿಗೇ ಕೆಲಸ ಮುಗಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಪೈಲಟ್ ಹತ್ತುತ್ತದೆ, ಸಿಗ್ನಲ್ 4.8, ಮುಖ್ಯ ಬರ್ನರ್ ಕೊಟ್ಟರೆ ಅದೂ ಹತ್ತುತ್ತದೆ. ಇನ್ನೇನು ಬೇಕು? ಆದರೆ ನನಗೆ ಗೊತ್ತಾಗಬೇಕಿದ್ದದ್ದು ಇನ್ನೊಂದು. ನಾಳೆ ಜೆಟ್ಟಿನಲ್ಲಿ ಕಸ ಕೂತು ಪೈಲಟ್ ಸಣ್ಣದಾಗುತ್ತದೆ ಅಂತಿಟ್ಟುಕೊಳ್ಳಿ. ಕಂಟ್ರೋಲರ್ "ಜ್ವಾಲೆ ಉಂಟು" ಅನ್ನುವ ಅತಿ ಸಣ್ಣ ಪೈಲಟ್ ಯಾವುದೋ, ಅದಕ್ಕೂ ಮುಖ್ಯ ಗ್ಯಾಸ್ ತಕ್ಷಣ ಹತ್ತಬೇಕು. ಹತ್ತದಿದ್ದರೆ ಆ ಕಂಟ್ರೋಲರ್ ಸುಳ್ಳು ಸಾಕ್ಷಿ ಹೇಳಿ ಕೋಣೆಗೆ ಗ್ಯಾಸ್ ತುಂಬಿಸುತ್ತದೆ.

ಮುಖ್ಯ ಗ್ಯಾಸ್ ಮುಚ್ಚಿಯೇ ಇಟ್ಟು, ಪೈಲಟ್ ಒತ್ತಡವನ್ನು ನಿಧಾನ ಇಳಿಸುತ್ತಾ ಬರೆದುಕೊಂಡೆ:

20 ಮಿಲಿಬಾರ್: 4.8 ಮೈಕ್ರೋಆಂಪ್
16: 4.1
12: 3.0
9: 1.9
8: 1.6, ರಿಲೇ (ಜ್ವಾಲೆ ಇರುವ ತನಕ ಗ್ಯಾಸ್ ತೆರೆದಿಡುವ ಕಂಟ್ರೋಲರಿನ ಸ್ವಿಚ್) ಇನ್ನೂ ಹಿಡಿದಿದೆ
7: ರಿಲೇ ಬಿತ್ತು

ಹಾಗಾದರೆ 8 ಮಿಲಿಬಾರಿನ ಪೈಲಟ್ಟೇ ಕೊನೆ. ಅದರಲ್ಲಿಟ್ಟು, ಪೂರ್ತಿ ಪರ್ಜ್ ಮಾಡಿ, ಮುಖ್ಯ ಬರ್ನರನ್ನು ಕನಿಷ್ಠ ಉರಿಯಲ್ಲಿ ಕೊಟ್ಟೆವು. ಗಾಜಿನ ಎದುರು ಯಾರೂ ಇಲ್ಲ, ಸ್ಫೋಟ ಬಾಗಿಲಿನ ಕಡೆ ಯಾರೂ ಇಲ್ಲ, ನಾನು ಪ್ಯಾನೆಲ್ ಮರೆಯಲ್ಲಿ. ಒಂದು ಸೆಕೆಂಡ್, ಎರಡು, ಮೂರು. ಆಮೇಲೆ ಗರ್ನಾಲು ಹೊಡೆದ ಹಾಗೆ "ಧಡ್". ಸಿಪ್ಪೆ ತೆಗೆಯುವ ಕಡೆಯಿಂದ ಒಬ್ಬರು ಅಕ್ಕ ಓಡಿ ಬಂದು "ಎಂತ ಆಯ್ತು ಅಣ್ಣ?" ಅಂತ ಕೇಳಿದರು. ಕನಿಷ್ಠ ಉರಿಯಲ್ಲೇ ಈ ಶಬ್ದ.

ಕಾರಣ ಗಾಜಿನಲ್ಲಿ ನೋಡಿದಾಗ ತಿಳಿಯಿತು. ರಾಡಿನ ತುದಿ ಪೈಲಟ್ ಕೊಳವೆಯ ಬಾಯಿಗೆ ಅಂಟಿಕೊಂಡ ಹಾಗೆ ಇತ್ತು. ಜ್ವಾಲೆ ಎಷ್ಟು ಗಿಡ್ಡ ಆದರೂ ಬಾಯಲ್ಲಿ ನಿಂತಿರುತ್ತದೆ, ರಾಡ್ ಅದನ್ನು ನೋಡುತ್ತಲೇ ಇರುತ್ತದೆ. ಮುಖ್ಯ ಗ್ಯಾಸ್ ಬರುವ ತೂತುಗಳು ಅಲ್ಲಿಂದ 40 ಮಿಮೀ ಮುಂದೆ. ಗಿಡ್ಡ ಜ್ವಾಲೆ ಅಲ್ಲಿಗೆ ತಲಪುವುದೇ ಇಲ್ಲ.

ಉದ್ದದ ರಾಡ್ ಹಾಕಿ, ಸ್ವಲ್ಪ ಬಗ್ಗಿಸಿ, ತುದಿಯನ್ನು 25 ಮಿಮೀ ಮುಂದಕ್ಕೆ, ಪೈಲಟ್ ಜ್ವಾಲೆ ಮತ್ತು ಮುಖ್ಯ ಗ್ಯಾಸ್ ಸೇರುವ ಕಡೆಗೆ ತಂದೆ. ಈಗ 20 ಮಿಲಿಬಾರಿನಲ್ಲಿ ಸಿಗ್ನಲ್ 3.9 ಮಾತ್ರ. ಸೂಪರ್‌ವೈಸರಿಗೆ ಬೇಜಾರು: "4.8 ಇದ್ದದ್ದನ್ನು ಕಡಿಮೆ ಮಾಡಿದಿರಲ್ಲ?" ಹೌದು, ಬೇಕಂತಲೇ. ಈಗ ರಿಲೇ 12ರಲ್ಲೇ ಬೀಳುತ್ತದೆ. 13ರಲ್ಲಿಟ್ಟು ಮುಖ್ಯ ಗ್ಯಾಸ್ ಕೊಟ್ಟರೆ ಒಂದು ಸೆಕೆಂಡಿನೊಳಗೆ ಶಬ್ದ ಇಲ್ಲದೆ ಹತ್ತುತ್ತದೆ. ಬರ್ನರ್ ತಣ್ಣಗಿರುವಾಗಲೂ ನೋಡಿದೆವು, ಒಂದು ಪಾಳಿ ಓಡಿ ಬಿಸಿ ಇರುವಾಗಲೂ ನೋಡಿದೆವು. ಮೀಟರಿನಲ್ಲಿ ದೊಡ್ಡ ಅಂಕಿ ಬರಲಿ ಅಂತ ರಾಡನ್ನು ಪೈಲಟ್ ಬಾಯಿಗೆ ತುರುಕುವವರನ್ನು ಜಾಸ್ತಿ ನೋಡಿದ್ದೇನೆ. ನನಗೆ ಆ ಅಭ್ಯಾಸ ಸ್ವಲ್ಪವೂ ಹಿಡಿಸುವುದಿಲ್ಲ. ಮುಖ್ಯ ಗ್ಯಾಸನ್ನು ಹತ್ತಿಸಲಾಗದ ಪೈಲಟನ್ನು ನೋಡಲಾಗದ ರಾಡೇ ಒಳ್ಳೆಯದು.

ಹಳೇ ಜೋಡಣೆಯಲ್ಲಿ ಪೈಲಟ್ ಇಡೀ ದಿನ ಉರಿಯುತ್ತಿತ್ತು. ಮುಖ್ಯ ಜ್ವಾಲೆ ಆರಿದರೂ ರಾಡ್ ಪೈಲಟ್ ನೋಡಿ ಸುಮ್ಮನಿರುತ್ತಿತ್ತು. ಈಗ ಮುಖ್ಯ ಬರ್ನರ್ ಹತ್ತಿ 5 ಸೆಕೆಂಡ್ ಆದ ಮೇಲೆ ಪೈಲಟ್ ನಿಲ್ಲುವ ಹಾಗೆ ಮಾಡಿದೆವು. ರಾಡ್ ಮುಂದೆ ಬಂದದ್ದರಿಂದ ಮುಖ್ಯ ಜ್ವಾಲೆಯಲ್ಲೂ 4.2 ಸಿಗುತ್ತದೆ. ಓಡುವಾಗ ಕೈ ವಾಲ್ವ್ ಮುಚ್ಚಿ ನೋಡಿದೆ. ಜ್ವಾಲೆ ಆರಿ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಸೊಲೆನಾಯ್ಡ್ ಬಿದ್ದು ಕೆಂಪು ದೀಪ ಬಂತು. ಆಮೇಲೆ ಪೈಲಟ್ ರೆಗ್ಯುಲೇಟರ್ 20ಕ್ಕೆ ಇಟ್ಟು, ಮುಚ್ಚಳ ಹಾಕಿ, ಬಣ್ಣದ ಗುರುತು ಎಳೆದೆ.

ಹಂತ 6: ಮಳೆ, ಉಪ್ಪು, ಗೇರು ಹೊಗೆ

ಎಲ್ಲ ಸರಿಯಾಯಿತು ಅನ್ನುವಾಗ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿಯಿತು. ಬೆಳಿಗ್ಗೆ ಮೊದಲ ಸಲ ಹತ್ತಿಸುವಾಗ ಸಿಗ್ನಲ್ 2.3, ಮಧ್ಯಾಹ್ನ 3.9. ರಾತ್ರಿಯೆಲ್ಲ ತಣ್ಣಗಾದ ಪಿಂಗಾಣಿಯ ಮೇಲೆ ತೇವ ಕೂರುತ್ತದೆ. ಕಡಲು ಹತ್ತಿರ, ಗಾಳಿಯಲ್ಲಿ ಉಪ್ಪು ಬೇರೆ. ಸಿಗ್ನಲ್ ಆ ಪದರದ ಮೂಲಕ ಕೊಳವೆಗೆ ಸೋರಿ ಹೋಗುತ್ತದೆ. ಒಂದು ಸಮಾಧಾನ ಏನಂದರೆ, ಈ ಸೋರಿಕೆ ಎಸಿ. ಇಲ್ಲದ ಜ್ವಾಲೆಯನ್ನು ಇದೆ ಅಂತ ಅದು ತೋರಿಸಲಾರದು. ಇರುವುದನ್ನು ಮುಚ್ಚಬಹುದು ಅಷ್ಟೆ.

ಪಿಂಗಾಣಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಒಣಗಿಸಿದೆ. ಎಮರಿ ಪೇಪರ್ ರಾಡಿನ ಲೋಹಕ್ಕೆ ಮಾತ್ರ, ಪಿಂಗಾಣಿಗೆ ಬೇಡ. ಗೀರಿದರೆ ತೇವ ಇನ್ನೂ ಬೇಗ ಹಿಡಿಯುತ್ತದೆ. ಮತ್ತೆ, ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಅಳತೆ ಗುರುತು ಹಾಕಬೇಡಿ. ಪೆನ್ಸಿಲ್ ಸೀಸದಲ್ಲಿ ಕರೆಂಟ್ ಹರಿಯುತ್ತದೆ. ತೆಗೆದು ಹಾಕಿದ ಹಳೇ ಇಲೆಕ್ಟ್ರೋಡಿನಲ್ಲಿ ಅಂಥದ್ದೊಂದು ಗೆರೆ ಇತ್ತು, ಗೆರೆಯುದ್ದಕ್ಕೂ ಕಿಡಿ ಓಡಿದ ಕಲೆಯೂ ಇತ್ತು.

ರಾಡಿನ ಮೇಲೆ ಕಂದು ಬಣ್ಣದ ಜಿಗುಟು ಪದರ ಕಂಡಿತು. ಪಕ್ಕದಲ್ಲೇ ಗೇರು ಚಿಪ್ಪು ಉರಿಸುವ ಬಾಯ್ಲರ್. ಚಿಪ್ಪಿನ ಎಣ್ಣೆ ಹೊಗೆ ಹೇಗಿರುತ್ತದೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಬ್ಲೋವರ್ ಆ ಗಾಳಿಯನ್ನೇ ಎಳೆಯುತ್ತಿತ್ತು. ಬ್ಲೋವರ್ ಬಾಯಿಗೆ ತಗಡಿನ ಡಕ್ಟ್ ಹಾಕಿ ಇನ್ನೊಂದು ಬದಿಯಿಂದ ಗಾಳಿ ಬರುವ ಹಾಗೆ ಮಾಡಿ, ತುದಿಗೆ ಜಾಲರಿ ಕಟ್ಟಿದೆವು. ಡಕ್ಟ್‌ನಿಂದ ಗಾಳಿ ಸ್ವಲ್ಪ ಕಡಿಮೆಯಾಯಿತು, ಹಾಗಾಗಿ ಪೈಲಟ್ ಗಾಳಿ ಸ್ಕ್ರೂವನ್ನು ಕಾಲು ಸುತ್ತು ತೆರೆದು, ತಗ್ಗಿಸುವ ಪರೀಕ್ಷೆ ಪುನಃ ಮಾಡಿದೆ. ಗಾಳಿ ದಾರಿ ಮುಟ್ಟಿದರೆ ಆ ಪರೀಕ್ಷೆ ಪುನಃ ಮಾಡಲೇಬೇಕು. ರಿಲೇ ಬಿದ್ದದ್ದು 12ರಲ್ಲೇ. ಮಳೆಯ ಬೆಳಿಗ್ಗೆ ಈಗ 3.4 ಬರುತ್ತದೆ.

ಖರ್ಚು ಮತ್ತು ಬಾಕಿ

ಕಿಡಿ ಇಲೆಕ್ಟ್ರೋಡ್ 850 ರೂಪಾಯಿ. ಫ್ಲೇಮ್ ರಾಡ್ ಎರಡು, 1,900. ಸಿಲಿಕಾನ್ ಎಚ್‌ಟಿ ಕೇಬಲ್ 3 ಮೀಟರ್, 600. ಲೇತಿನಲ್ಲಿ ಜೆಟ್ ಮೂರು, 450. ಅರ್ಥ್ ವೈರ್, ಕ್ಲ್ಯಾಂಪ್, ಫೆರೂಲ್ ಸೇರಿ 380. ತಗಡಿನ ಡಕ್ಟ್ 2,200. ಯು-ಟ್ಯೂಬಿಗೆ 60. ಒಟ್ಟು 6,440, ನನ್ನ ಕೂಲಿ ಬಿಟ್ಟು. ಮೊದಲು ತಂದ ಗಿಡ್ಡ ರಾಡ್ ವ್ಯರ್ಥ ಆಗಲಿಲ್ಲ, ಪಕ್ಕದ ಓವನ್ನಿಗೆ ಹೋಯಿತು.

ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿದ ಕಾಗದದಲ್ಲಿ ಇಷ್ಟು ಉಂಟು: ಜೆಟ್ 1.7, ಒತ್ತಡ 20, ಕಿಡಿ ಅಂತರ 2.5, ಸಿಗ್ನಲ್ ಪೈಲಟ್ಟಿಗೆ 3.9, ಮುಖ್ಯಕ್ಕೆ 4.2, ರಿಲೇ ಬೀಳುವುದು 12ರಲ್ಲಿ, ಪರ್ಜ್ 120. ಸಿಗ್ನಲ್ 2.5ಕ್ಕೆ ಇಳಿದರೆ ರಾಡ್ ಒರೆಸಬೇಕು, ರೆಗ್ಯುಲೇಟರ್ ಮುಟ್ಟಬಾರದು ಅಂತ ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಬಾಕಿ ಇರುವುದು ಎರಡು. ಡಿಟೆಕ್ಟರ್ ಕ್ಯಾಲಿಬ್ರೇಶನ್ ಇನ್ನೂ ಆಗಿಲ್ಲ. ಅದಾಗುವ ತನಕ ದಿನಕ್ಕೊಂದು ಸಲ ಸೋಪಿನ ನೀರಿನ ಪರೀಕ್ಷೆ ಮಾಡಲು ಹೇಳಿದ್ದೇನೆ. ಎರಡನೇ ಬೋರ್ಮಾದ ಬರ್ನರ್ ಇನ್ನೂ ಸಿಲಿಂಡರಿನ ಮೇಲೇ ಓಡುತ್ತಿದೆ. ಅದರ ರಾಡೂ ಪೈಲಟ್ ಬಾಯಿಗೇ ಅಂಟಿಕೊಂಡಿದೆ, ಗಾಜಿನಲ್ಲಿ ನೋಡಿ ಬಂದೆ. ಪಿಎನ್‌ಜಿ ಲೈನ್ ಎಳೆಯುವ ಮೊದಲೇ ಅದನ್ನು ಸರಿ ಮಾಡುವುದು ಅಂತ ಮಾತಾಗಿದೆ.